ನೆದರು ತಾಗಿದ ತಂಡ

ಅಮೆರಿಕದಲ್ಲಿ ಜನ ರಾತ್ರಿ ಕೂತು ನೋಡುವ ಬಾಸ್ಕೆಟ್‌ಬಾಲ್ ಆಟ ಮಸ್ಕಿಗೆ ಬರುವ ಹೊತ್ತಿಗೆ ಬೆಳಿಗ್ಗೆ ರೊಟ್ಟಿ ತಟ್ಟುವ ಸಮಯವಾಗಿರುತ್ತದೆ. ಮನೆಯ ಸೊಸೆಯೊಬ್ಬಳು ಅಲ್ಲಿಯ ತಂಡದ ಅಭಿಮಾನಿಯಾಗಲು ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿಟ್ಟು, ಒಂದು ಕಣ್ಣು ಹಂಚಿನ ಮೇಲೆ, ಒಂದು ಕಣ್ಣು ಆಟದ ಮೇಲೆ ಇಟ್ಟುಕೊಂಡು ಕೆಲಸ ಶುರು ಮಾಡಿದೆ. ರೊಟ್ಟಿ ಸೀದವು. ತಂಡವೂ ಸೋತಿತು. ಅತ್ತೆ ಎರಡನ್ನೂ ನೋಡಿ, "ನಾಳಿಂದ ರೊಟ್ಟಿ ನಾ ಮಾಡ್ತೀನಿ, ನೀ ಪಲ್ಯ ನೋಡ್ಕೊ. ತಳ ಹಿಡಿದ್ರ ನೀರು ಹಾಕಿ ಸಾರು ಅನಬೌದು" ಅಂದರು.

ತಂಡದ ಹೆಸರು ಹೇಳುವುದಿಲ್ಲ, ಹೇಳದಿರುವುದು ಈಗ ರೂಢಿಯಾಗಿದೆ. ಅದೊಂದು ಚಳಿ ಊರಿನ ತಂಡ. ಸಿಂಧನೂರಿನ ನಮ್ಮ ಶಾಲೆಯ ಅಂಗಳದಲ್ಲಿ ಒಂದು ಕಂಬ, ಕಂಬಕ್ಕೊಂದು ಹಲಗೆ, ಹಲಗೆಗೆ ಬಲೆ ಇಲ್ಲದ ರಿಂಗು ಇತ್ತು. ನಾನು ಉದ್ದ ಇದ್ದೆ. ಉದ್ದ ಇರುವ ಹುಡುಗಿಗೆ ನಮ್ಮ ಕಡೆ ಎರಡೇ ಕೆಲಸ: ಮೇಲಿನ ಹಲಗೆಯ ಪಾತ್ರೆ ಇಳಿಸಿಕೊಡುವುದು, ಫೋಟೊದಲ್ಲಿ ಹಿಂದೆ ನಿಲ್ಲುವುದು. ಪಿ.ಟಿ. ಟೀಚರು ಬಾಸ್ಕೆಟ್‌ಬಾಲನ್ನು ಮೂರನೆಯ ಕೆಲಸವಾಗಿ ಕೊಟ್ಟರು. ಹತ್ತನೇ ತರಗತಿಯ ತನಕ ಆಡಿದೆ. ಆಮೇಲೆ ಆಡಲು ಜಾಗವೂ ಇರಲಿಲ್ಲ, ಜೊತೆಯೂ ಇರಲಿಲ್ಲ. ನೋಡುವುದು ಮಾತ್ರ ಉಳಿಯಿತು.

ಕಾಲೇಜಿನಲ್ಲಿದ್ದಾಗ ಫೋನಿನಲ್ಲಿ ಮೊದಲ ಸಲ ಆ ತಂಡದ ಆಟ ಸಿಕ್ಕಿತು. ಅವರು ಹೀನಾಯವಾಗಿ ಸೋಲುತ್ತಿದ್ದರು. ಇನ್ನು ಗೆಲ್ಲುವ ಮಾತೇ ಇಲ್ಲ ಎಂಬ ಹೊತ್ತಿನಲ್ಲೂ ಒಬ್ಬ ಆಟಗಾರ ಗೆರೆ ದಾಟಿ ಹೋಗುತ್ತಿದ್ದ ಚೆಂಡಿನ ಬೆನ್ನು ಹತ್ತಿ, ಮೊದಲ ಸಾಲಿನಲ್ಲಿ ಕೂತವರ ಮಡಿಲಿಗೆ ಹೋಗಿ ಬಿದ್ದ. ಎದ್ದು, ಅವರ ಕ್ಷಮೆ ಕೇಳಿ, ಮತ್ತೆ ಓಡಿದ. ನನ್ನ ಮಟ್ಟಿಗೆ ಅವತ್ತೇ ತೀರ್ಮಾನವಾಯಿತು. ಮುಂದಿನ ವರ್ಷಗಳಲ್ಲಿ ಅವರು ಶಿಸ್ತಿನಿಂದ ಸೋಲುತ್ತ ಹೋದರು, ನಾನು ಶಿಸ್ತಿನಿಂದ ನೋಡುತ್ತ ಹೋದೆ.

ನನ್ನ ತವರು ಬೌದ್ಧರ ಮನೆ. ದೀಕ್ಷೆ ತೆಗೆದುಕೊಂಡ ಮೇಲೆ ಅಪ್ಪ ಬಾಗಿಲಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯನ್ನು ತಾವೇ ಬಿಚ್ಚಿದರು. ನಿಂಬೆಹಣ್ಣು ಒಣಗಿತ್ತು, ಎಸೆದರು. ಮೆಣಸಿನಕಾಯಿ ಇನ್ನೂ ಚೆನ್ನಾಗಿದ್ದವು, ಅಡುಗೆಗೆ ಕೊಟ್ಟರು. ಶಕುನ, ರಾಹುಕಾಲ ಯಾವುದೂ ನಮ್ಮಲ್ಲಿ ಇರಲಿಲ್ಲ. ನಾನೂ ಅಂಥದ್ದನ್ನು ನಂಬುವವಳಲ್ಲ. ತಂಡ ಮುಂದಿದ್ದಾಗ ಮಾತ್ರ ಕೂತ ಜಾಗದಿಂದ ಏಳುತ್ತಿರಲಿಲ್ಲ. ಹಿಂದೆ ಬಿದ್ದರೆ ಫೋನನ್ನು ಎಡಗೈಗೆ ಬದಲಿಸುತ್ತಿದ್ದೆ. ಇದನ್ನು ಅಪ್ಪನಿಗೆ ಹೇಳಿರಲಿಲ್ಲ.

ಗಂಡ ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ನಡುವೆ ಮಸ್ಕಿ, ಅಲ್ಲಿ ಅತ್ತೆಯ ಮನೆ. ಬೆಳಿಗ್ಗೆ ಒಬ್ಬರು ಆ ದಿಕ್ಕಿನ ಬಸ್ಸು, ಒಬ್ಬರು ಈ ದಿಕ್ಕಿನ ಬಸ್ಸು. ಆಟದ ಕೊನೆಯ ಭಾಗ ನನಗೆ ಬಸ್ಸಿನಲ್ಲೇ ಮುಗಿಯುತ್ತಿತ್ತು. ಸಂತೆಕಲ್ಲೂರು ಬರುವಷ್ಟರಲ್ಲಿ ಸೋತಿರುತ್ತಿದ್ದರು. ಪಕ್ಕದ ಸೀಟಿನವರು ನನ್ನ ಮುಖ ನೋಡಿ, "ಯಾರರ ಹೋದ್ರೇನ್ರೀ?" ಎಂದು ಮೆಲ್ಲಗೆ ಕೇಳಿದ್ದೂ ಉಂಟು.

ಅತ್ತೆಯ ಮನೆಯ ಗೋಡೆಯಲ್ಲೂ ಬುದ್ಧನ ಫೋಟೊ ಇತ್ತು. ಅದರ ಕೆಳಗಿನ ಗೂಡಿನಲ್ಲಿ ಅತ್ತೆಯ ಎಲ್ಲಮ್ಮ ಇದ್ದಳು. ಇಬ್ಬರೂ ಜಗಳವಾಡಿದ್ದನ್ನು ನಾನು ನೋಡಿಲ್ಲ. ಅತ್ತೆ ಎಲ್ಲಕ್ಕಿಂತ ಹೆಚ್ಚು ನಂಬಿದ್ದು ನೆದರನ್ನು, ಅಂದರೆ ದೃಷ್ಟಿ ತಾಗುವುದನ್ನು. ಅದರಲ್ಲೂ ಅವರದು ತುಸು ಬೇರೆ ಲೆಕ್ಕ. ಕಂಡವರ ಹೊಟ್ಟೆಕಿಚ್ಚಿನ ಕಣ್ಣಿಗೆ ಅವರು ಹೆಚ್ಚು ಹೆದರುತ್ತಿರಲಿಲ್ಲ. "ಮಂದಿ ನೆದರು ಉಪ್ಪು ಮೆಣಸಿನಕಾಯಿಗೆ ಹೋಗತೈತಿ. ಜೀವ ಇಟ್ಟು ನೋಡೋರ ನೆದರು ಹಂಗ ಹೋಗಂಗಿಲ್ಲ" ಅನ್ನುತ್ತಿದ್ದರು. ಅವರ ಪ್ರಕಾರ ಬಹಳ ಬೇಕಾದ್ದನ್ನು ಬಹಳ ನೋಡಬಾರದು, ಬಾಯಿಬಿಟ್ಟು ಹೇಳಲೂ ಬಾರದು.

ಮದುವೆಯಾದ ಮೇಲೆ ಎರಡು ಸಲ ಬಸುರಿಯಾದೆ. ಎರಡು ಸಲವೂ ನಿಲ್ಲಲಿಲ್ಲ. ಮೊದಲ ಸಲ ಗಂಡ ಗಿರಣಿಯಲ್ಲೆಲ್ಲ ಪೇಡೆ ಹಂಚಿ ಬಂದಿದ್ದರು. ಎರಡನೆಯ ಸಲ ಲಿಂಗಸುಗೂರಿನಿಂದ ಬರುವ ಬಸ್ಸಿನಲ್ಲೇ, ಹೋಯಿತು ಎಂದು ನನಗೆ ಗೊತ್ತಾಯಿತು. ಮಸ್ಕಿ ಬರುವ ತನಕ ಕಿಟಕಿ ಕಡೆ ನೋಡುತ್ತ ಕೂತಿದ್ದೆ. ಆಮೇಲೆ ಬಹಳ ದಿನ ಯಾರ ಮುಖವೂ ಬೇಡವಾಗಿತ್ತು, ಯಾವ ತಂಡವೂ ಬೇಡವಾಗಿತ್ತು.

ಮೂರನೆಯ ಸಲ ಗೊತ್ತಾದದ್ದು ಮಳೆಗಾಲದ ಕೊನೆಗೆ. ಸಿಂಧನೂರಿನ ಡಾಕ್ಟರು ಬಸ್ಸು ಹತ್ತಬೇಡ, ಮಲಗಿಕೊಂಡಿರು ಎಂದರು. ರಜೆ ಹಾಕಿದೆ. ಅತ್ತೆ ಮನೆಯ ಬಾಗಿಲು ಹಾಕಿ ನಮ್ಮಿಬ್ಬರನ್ನೂ ಕೂರಿಸಿ ಕಟ್ಟುನಿಟ್ಟಾಗಿ ಹೇಳಿದರು: ಹೊರಗೆ ಯಾರಿಗೂ ತಿಳಿಯಬಾರದು, ಮನೆಯೊಳಗೂ ಆ ಮಾತು ಎತ್ತಬಾರದು. ನೆರೆಯವರಿಗೆ ಸೊಸೆಗೆ ಬೆನ್ನುನೋವು ಎಂದರು. ಚಳಿಗಾಲ ಮುಗಿಯುವ ಹೊತ್ತಿಗೆ ಅಷ್ಟು ಮುಂದೆ ಬಂದ ಬೆನ್ನುನೋವನ್ನು ನಮ್ಮ ಓಣಿಯವರು ಕಂಡಿರಲಿಲ್ಲ. ಆದರೂ ಯಾರೂ ಕೇಳಲಿಲ್ಲ. ಬೆನ್ನಿಗೆ ಹಚ್ಚಲು ಎಣ್ಣೆ ತಂದುಕೊಟ್ಟರು.

ಒಂದೇ ವಿಷಯ ಮನಸ್ಸಿನ ತುಂಬ ಇದ್ದಾಗ ಅದನ್ನು ಬಿಟ್ಟು ಮಾತಾಡುವುದು ಕಷ್ಟ. ಅತ್ತೆ ಒಂದು ದಾರಿ ಕಂಡುಕೊಂಡರು. ಆಗಷ್ಟೇ ಅಲ್ಲಿ ಹೊಸ ಋತುವಿನ ಆಟಗಳು ಶುರುವಾಗಿದ್ದವು. ಒಂದು ಬೆಳಿಗ್ಗೆ ಹಾಸಿಗೆಯ ಹತ್ತಿರ ಬಂದು ಕೂತು, "ನಿಮ್ಮೋರು ಹೆಂಗದಾರ?" ಎಂದು ಕೇಳಿದರು. ಅಷ್ಟು ವರ್ಷ ಆ ಆಟದ ಕಡೆ ತಿರುಗಿ ನೋಡದವರು.

"ಚಲೋ ಅದಾರ್ರೀ ಅತ್ತಿ."

"ಊಟ ಸೇರಾಕತ್ತೈತೇನು ಅವರಿಗೆ?"

"ಸೇರಾಕತ್ತೈತ್ರೀ."

"ಕಾಲು ಬಾತಾವೇನು?"

"ಅಷ್ಟು ಓಡೋರಿಗೆ ಬಾಯ್ತಾವ್ರೀ."

"ಮಲಗೂ ಮುಂದ ಕಾಲ ಕೆಳಗ ದಿಂಬು ಇಟ್ಕೊಳ್ಳಾಕ ಹೇಳು."

ಯಾರ ಕಾಲಿನ ಮಾತು ನಡೆಯುತ್ತಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನು ದಿಂಬು ಇಟ್ಟುಕೊಂಡೆ.

ಆ ವರ್ಷ ತಂಡ ಗೆಲ್ಲತೊಡಗಿತು. ಗೆದ್ದಾಗ ಏನು ಮಾಡಬೇಕೆಂಬ ಅಭ್ಯಾಸ ನನಗಿರಲಿಲ್ಲ. ಸುಮ್ಮನೆ ಇನ್ನೊಂದು ಸಲ ಅಂಕಪಟ್ಟಿ ನೋಡುತ್ತಿದ್ದೆ. ಆಮೇಲೆ, ಡಿಸೆಂಬರಿನಲ್ಲಿರಬೇಕು, ಸಾಲಾಗಿ ಸೋಲು ಶುರುವಾಯಿತು. ಅತ್ತೆ ಪೊಲೀಸರ ಹಾಗೆ ವಿಚಾರಣೆ ನಡೆಸಿದರು. ನಾನು ಯಾವ ಆಟ ಕೂತು ನೋಡಿದೆ, ಯಾವಾಗ ಕರೆಂಟು ಹೋಗಿತ್ತು, ಯಾವಾಗ ನಿದ್ದೆ ಬಂದಿತ್ತು. ನಾನು ನೋಡದ ಆಟಗಳಲ್ಲಿ ಗೆದ್ದಿದ್ದರು ಎಂಬುದು ಹೊರಬಿತ್ತು. ಎದ್ದುಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ಫೋನಿಗೆ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬಂದರೆ ನೆದರು ಇಲ್ಲ, ಬರದಿದ್ದರೆ ಇದೆ ಎಂದು ಲೆಕ್ಕ. ಘಾಟು ಬರಲಿಲ್ಲ. ಮೆಣಸಿನಕಾಯಿ ಹಳೆಯವು ಎಂದು ನಾನು ವಾದಿಸಿದೆ.

"ನಿಂದ ನೆದರು ಇದು. ನೀ ಜೀವ ಇಟ್ಟು ನೋಡಾಕತ್ತಿ, ಅದಕ್ಕ ಬೀಳಾಕತ್ತಾರ" ಅಂದರು.

"ಅವರು ಎಲ್ಲೋ ಸಮುದ್ರದ ಆಚಿ ಕಡೆ ಅದಾರ್ರೀ ಅತ್ತಿ."

"ಎಲ್ಲಿ ಆಚಿ ಕಡೆ? ನಿನ್ನ ಕೈಯಾಗ ಅದಾರಲ್ಲ."

ಅವತ್ತಿನಿಂದ ನಾನು ಗೋಡೆ ಕಡೆ ಮುಖ ಮಾಡಿ ಮಲಗಬೇಕು, ದನಿ ಆರಿಸಿದ ಫೋನು ಹಿಡಿದು ಅವರು ನೋಡಿ ಹೇಳಬೇಕು ಎಂದಾಯಿತು. ಅಪ್ಪ ಕಲಿಸಿದ್ದೆಲ್ಲ ನೆನಪಿಗೆ ಬಂತು. ಆದರೆ ಸೋಲಲು ಮನಸ್ಸಿರಲಿಲ್ಲ. ಗೋಡೆ ಕಡೆ ತಿರುಗಿದೆ.

ಇಂಗ್ಲಿಷಿನಲ್ಲಿ ಆಟ ವಿವರಿಸುವವರು ಎಷ್ಟೋ ಜನರನ್ನು ಕೇಳಿದ್ದೇನೆ. ಅತ್ತೆಯಷ್ಟು ಪ್ರಾಮಾಣಿಕರು ಯಾರೂ ಇರಲಿಲ್ಲ, ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎನ್ನುತ್ತಿದ್ದರು. "ಬಿಳೇ ಅಂಗಿಯಾಂವ ಓಡಾಕತ್ತಾನ. ಕರೇ ಅಂಗಿಯಾಂವ ಅಡ್ಡ ಬಂದ. ದಬ್ಬಿದ ನೋಡು. ಸೀಟಿ ಊದ್ಯಾರ. ಈಗ ಎಲ್ಲಾರೂ ಸುಮ್ನ ನಿಂತಾರ, ಬಿದ್ದಾಂವ ಒಬ್ಬನ ನಿಂತು ಚೆಂಡು ಹಾಕಾಕತ್ತಾನ, ಯಾರೂ ತಡಿವಲ್ರು. ಯಾಕ?"

"ಅವನ್ನ ದಬ್ಬಿದ್ದಕ್ಕ ಹಂಗ ಬಿಟ್ಟುಕೊಡಬೇಕ್ರೀ."

"ಚಲೋ ಐತಿ. ನ್ಯಾಯ ಐತಿ."

ಅವರ ಬಾಯಲ್ಲಿ ನಾವು ಒಂದು ವಾರ ಪೂರ್ತಿ ಗೆದ್ದೆವು. ಒಂದು ಸಂಜೆ ಗಂಡ ತಮ್ಮ ಫೋನು ನೋಡಿ, ಆ ವಾರ ಒಂದೂ ಗೆದ್ದಿಲ್ಲವಲ್ಲ ಎಂದರು. ವಿಚಾರಿಸಿದಾಗ ತಿಳಿದದ್ದು ಇಷ್ಟು. ನಮ್ಮ ತಂಡ ತನ್ನ ಊರಿನಲ್ಲಿ ಆಡುವಾಗ ಬಿಳಿ ಅಂಗಿ ಹಾಕುತ್ತಿತ್ತು, ಬೇರೆ ಊರಿಗೆ ಹೋದಾಗ ಕಪ್ಪು. ಅತ್ತೆ ಮೊದಲ ದಿನ ಕಂಡ ಬಿಳಿ ಅಂಗಿಯನ್ನೇ ಹಿಡಿದುಕೊಂಡು, ತಂಡ ಬೇರೆ ಊರುಗಳಲ್ಲಿ ಆಡಿದ ಆ ವಾರವಿಡೀ ಎದುರಿನವರಿಗಾಗಿ ಎಲ್ಲಮ್ಮನಿಗೆ ಕೈ ಮುಗಿದಿದ್ದರು. ಅವರಿಗೆ ನಾಚಿಕೆಯೇನೂ ಆಗಲಿಲ್ಲ. "ಅಂಗಿ ಬದಲಿ ಮಾಡಿದ್ರ ಹೇಳಬೇಕಿಲ್ಲೇನು? ನಾ ಆಕಿಗೆ ಏನಂತ ಹೇಳ್ಲಿ ಈಗ?" ಅಂದರು. ಆಮೇಲೆ ಅಂಗಿ ಬಿಟ್ಟು ಮುಖ ಹಿಡಿದರು. ಬಳಗಾನೂರಿನಲ್ಲಿರುವ ಅವರ ತಮ್ಮನ ಹಾಗೆ ಗಡ್ಡ ಬಿಟ್ಟಿದ್ದ ಒಬ್ಬ ಆಟಗಾರ ಅವರಿಗೆ ಗುರುತಾದ. ಅವನಿದ್ದ ಕಡೆ ನಾವು. ಅವನನ್ನು ಬೆಂಚಿಗೆ ಕೂರಿಸಿದರೆ ಅತ್ತೆಯ ವಿವರಣೆಯೂ ನಿಂತುಹೋಗುತ್ತಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಹೀಗೆ ಗೋಡೆ ನೋಡುತ್ತ ಕೇಳಿಸಿಕೊಳ್ಳುತ್ತಿದ್ದಾಗ ಮೈಕೆಳಗೆ ಒದ್ದೆಯಾಯಿತು. ಕೈ ಹಾಕಿ ನೋಡಿದೆ, ರಕ್ತ. "ಅತ್ತಿ" ಅಂದೆ. ನನ್ನ ದನಿಯಲ್ಲೇ ಅವರಿಗೆ ತಿಳಿಯಿತು. ಗಂಡ ಪಕ್ಕದ ಮನೆಯವರ ಕಾರು ತಂದರು. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆ ಇಟ್ಟು ಮಲಗಿದೆ. ಕಾರು ಊರು ದಾಟಿತು. ಹಿಂದಿನ ಎರಡು ಸಲದ್ದೂ ನನ್ನ ಕಣ್ಣ ಮುಂದೆ ಬರುತ್ತಿತ್ತು.

ಆಗ ಅತ್ತೆ ಶುರು ಮಾಡಿದರು. "ಗಡ್ಡದಾಂವ ಚೆಂಡು ತಗೊಂಡಾನ. ಓಡಾಕತ್ತಾನ. ಅಡ್ಡ ಯಾರೂ ಇಲ್ಲ. ಹಾಕಿದ. ಹೋತು ಒಳಗ."

ತಲೆ ಎತ್ತಿ ನೋಡಿದೆ. ಅವರ ಕೈಯಲ್ಲಿ ಫೋನು ಇರಲಿಲ್ಲ. ಅದು ಮನೆಯಲ್ಲೇ ಉಳಿದಿತ್ತು. ಒಂದು ಕೈ ನನ್ನ ಹಣೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇತ್ತು. ಕಣ್ಣು ನೇರ ರಸ್ತೆಯ ಮೇಲೆ. "ಮತ್ತ ಅವನ ಕೈಗ ಬಂದೈತಿ. ಬಿದ್ದಾನ. ಇಲ್ಲ, ಎದ್ದಾನ. ಏನೂ ಆಗಿಲ್ಲ ಅವಗ. ಓಡಾಕತ್ತಾನ." ಸಿಂಧನೂರಿನ ತನಕ ಅವರು ನಿಲ್ಲಿಸಲಿಲ್ಲ. ಎಲ್ಲೂ ನಡೆಯದ ಆ ಆಟದಲ್ಲಿ ಯಾರೂ ಯಾರನ್ನೂ ದಬ್ಬಲಿಲ್ಲ, ಗಡ್ಡದವನು ಒಂದು ಸಲವೂ ದಣಿದು ಬೆಂಚಿಗೆ ಹೋಗಲಿಲ್ಲ, ಹಾಕಿದ ಚೆಂಡೆಲ್ಲ ಒಳಗೆ ಹೋಯಿತು. ಅಂಥ ಆಟ ನಾನು ಎಂದೂ ಕೇಳಿಲ್ಲ. ಅವರು ನಿಲ್ಲಿಸಿದರೆ ಎಲ್ಲ ಮುಗಿಯುತ್ತದೆ ಎಂದು ನನಗನ್ನಿಸಿತ್ತು. ಮುಂದಿನ ಸೀಟಿನಲ್ಲಿ ಗಂಡ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಡಾಕ್ಟರು ಪರೀಕ್ಷೆ ಮಾಡಿ, ಮಗುವಿನ ಎದೆಬಡಿತ ಚೆನ್ನಾಗಿದೆ, ಕೆಲವು ದಿನ ಇಲ್ಲೇ ಇರಲಿ ಎಂದರು. ಅತ್ತೆ ಹೊರಗೆ ಹೋಗಿ ಗೋಡೆಗೆ ಒರಗಿ ಕೂತರಂತೆ. ಬಹಳ ಹೊತ್ತು ಎದ್ದೇಳಲಿಲ್ಲವಂತೆ.

ಏಪ್ರಿಲಿನಲ್ಲಿ ನಮ್ಮ ತಂಡ ಬಹಳ ವರ್ಷಗಳ ಮೇಲೆ ಕೊನೆಯ ಸುತ್ತುಗಳಿಗೆ ಹೋಯಿತು. ನಾನು ಅಷ್ಟು ಕಾಲ ಕಾದದ್ದೇ ಅದಕ್ಕೆ. ಅವುಗಳಲ್ಲಿ ಮೊದಲ ಸುತ್ತಿನ, ಗೆಲ್ಲಲೇಬೇಕಾದ ಆಟವಿದ್ದ ಬೆಳಿಗ್ಗೆ ನನಗೆ ನೋವು ಶುರುವಾಯಿತು. ನಾನೂ ನೋಡಲಿಲ್ಲ, ಅತ್ತೆಯೂ ನೋಡಲಿಲ್ಲ. ಯಾರ ನೆದರೂ ಇಲ್ಲದೆ ಅವರು ತಾವಾಗಿಯೇ ಸೋತು ಹೊರಬಿದ್ದರು. ಮಧ್ಯಾಹ್ನ ಮಗಳು ಹುಟ್ಟಿದಳು. ಗಂಡ ಹಾಸಿಗೆಯ ಪಕ್ಕ ನಿಂತು ಮಗುವನ್ನು ನೋಡಿ, ಆಮೇಲೆ ದನಿ ತಗ್ಗಿಸಿ ತಂಡದ ಸುದ್ದಿ ಹೇಳಿದರು. "ಹೋಗ್ಲಿ ಬಿಡ್ರಿ" ಅಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಮಗುವಿಗೆ ಅತ್ತೆ ಕಪ್ಪು ಬೊಟ್ಟು ಇಡುತ್ತಾರೆ, ಬಟ್ಟೆಯಲ್ಲಿ ಸುತ್ತಿ ಮೂಲೆಯಲ್ಲಿ ಬಚ್ಚಿಡುತ್ತಾರೆ, ತಾವೂ ಅತ್ತ ಮುಖ ತಿರುಗಿಸಿಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅವರು ಮಗುವನ್ನು ಎತ್ತಿಕೊಂಡು, ಮುಖದ ಮೇಲಿನ ಬಟ್ಟೆ ಸರಿಸಿ, ವಾರ್ಡಿನ ನಡುವೆ ಹೋಗಿ ನಿಂತರು.

"ಬರ್ರಿ, ನೋಡ್ ಬರ್ರಿ. ನನ್ನ ಮೊಮ್ಮಗಳು. ಎಷ್ಟು ಚಂದ ಅದಾಳ ನೋಡ್ರಿ."

ಬೇರೆ ಬಾಣಂತಿಯರ ತಾಯಂದಿರು ಬಂದರು. ಊಟದ ಡಬ್ಬಿ ಹಿಡಿದು ಬಂದ ಗಂಡಸರು ನಿಂತು ನೋಡಿದರು. ನೆಲ ಒರೆಸುತ್ತಿದ್ದಾಕೆ ಕೋಲು ಗೋಡೆಗಿಟ್ಟು ಬಂದು ಬಗ್ಗಿ ನೋಡಿದಳು. ಅತ್ತೆ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗಿ ಹೋಗಿ ತೋರಿಸಿದರು. ಚಂದ ಅದಾಳ, ಬಂಗಾರದಂಗ ಅದಾಳ ಎಂದು ಎಲ್ಲರೂ ಬಾಯಿ ತುಂಬ ಅಂದರು. ಬಗ್ಗಿ ನೋಡಿದವರನ್ನು ನಾನು ಒಬ್ಬೊಬ್ಬರಾಗಿ ಎಣಿಸತೊಡಗಿದೆ.

"ಸಾಕ್ರೀ ಅತ್ತಿ" ಅಂದೆ. "ಅಷ್ಟು ಮಂದಿ ನೋಡೋದು ಬ್ಯಾಡ."

ಅವರು ನನ್ನ ಕಡೆ ತಿರುಗಿದರು. "ನೋಡ್ಲಿ ಬಿಡ ಯವ್ವ. ಹೆದರಿ ಹೆದರಿ ಸಾಕಾಗೈತಿ ನನಗ. ಇವತ್ತೊಂದು ದಿನ ಎಲ್ಲಾರೂ ನೋಡ್ಲಿ."

ನನಗೆ ತಡೆಯಲಾಗಲಿಲ್ಲ. ಕೈ ಚಾಚಿ ಮಗುವನ್ನು ಇಸಕೊಂಡು, ಅದರ ಮುಖದ ಮೇಲೆ ಸೆರಗು ಎಳೆದೆ.