ಅಕ್ಕನ ಸೆಕೆಗೆ ಸಿಗದ ಗಾಳಿ

ನಮ್ಮಕ್ಕನ ವಿಷಯ ಎತ್ತಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಹಾಗಂತ ಹೇಳದೆ ಬಿಡುವವಳೂ ನಾನಲ್ಲ.

ಅಕ್ಕ, ಭಾವ ಇಬ್ಬರೂ ಸೇರಿ ನಡೆಸುವುದು ಇಸ್ತ್ರಿ ಅಂಗಡಿ. ಒಂದೇ ಕೋಣೆ, ಎರಡು ಮೇಜು, ಎರಡು ಇದ್ದಿಲ ಇಸ್ತ್ರಿ ಪೆಟ್ಟಿಗೆ, ಒಂದು ಕಿಟಕಿ. ಆ ಕಿಟಕಿ ತೆರೆಯುವ ಹಾಗಿರಲಿಲ್ಲ. ಗಾಳಿ ಬಂದರೆ ಪೆಟ್ಟಿಗೆಯ ಬೂದಿ ಹಾರಿ ಬಿಳಿ ಅಂಗಿಗಳ ಮೇಲೆ ಕೂರುತ್ತದೆ ಎನ್ನುವುದು ಭಾವನ ಕಾನೂನು.

ಮುಟ್ಟು ನಿಲ್ಲುವ ವಯಸ್ಸಿಗೆ ಅಕ್ಕನಿಗೆ ಇದ್ದಕ್ಕಿದ್ದಂತೆ ಎದೆಯಿಂದ ಬಿಸಿ ಎದ್ದು, ಮುಖ ಕೆಂಪಾಗಿ, ಬೆನ್ನೆಲ್ಲ ತೊಯ್ದುಹೋಗುತ್ತಿತ್ತು. "ರೀ, ಸ್ವಲ್ಪ ಕಿಟಕಿ ತೆಗೀಲಾ?" ಎಂದು ಕೇಳಿದರೆ, "ಬೂದಿ ಹಾರುತ್ತೆ ಕಣೇ. ಎಲ್ಲ ಹೆಂಗಸರಿಗೂ ಆಗೋದು ತಾನೇ ಇದು?" ಎನ್ನುವರು ಭಾವ. ಅವಳ ಅತ್ತೆಯಂತೂ "ಕೆಲಸಗಳ್ಳತನಕ್ಕೆ ಹೊಸ ಹೆಸರು" ಎಂದುಬಿಟ್ಟರು. ವರ್ಷಗಟ್ಟಲೆ ಅಕ್ಕ ಒದ್ದೆ ಟವೆಲನ್ನು ಕತ್ತಿಗೆ ಸುತ್ತಿಕೊಂಡು ಕಂಡವರ ಬಟ್ಟೆಯ ಸುಕ್ಕು ತೆಗೆದಳು. ಆಮೇಲೆ ಅದು ತಾನಾಗಿಯೇ ನಿಂತಿತು.

ಅದಾಗಿ ಮೂರು ವರ್ಷಕ್ಕೆ ಭಾವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು. "ನಿಮ್ಮ ಮೈಯಲ್ಲಿರೋ ಗಂಡು ಹಾರ್ಮೋನೇ ಈ ಗಡ್ಡೆಗೆ ಊಟ. ಇಂಜೆಕ್ಷನ್ ಕೊಟ್ಟು ಆ ಊಟ ನಿಲ್ಲಿಸ್ತೀವಿ" ಎಂದರು ಡಾಕ್ಟರು. ಗಡ್ಡೆ ಕುಗ್ಗತೊಡಗಿತು. ಜೊತೆಗೆ, ಹಾರ್ಮೋನು ನಿಂತದ್ದಕ್ಕೆ, ಭಾವನಿಗೂ ಸೆಕೆ ಶುರುವಾಯಿತು. ಅದೇ ಬಿಸಿ, ಅದೇ ಬೆವರು.

ಈಗ ನೋಡಬೇಕಿತ್ತು ಮನೆಯವರ ಸಡಗರ. ಕಿಟಕಿ ತೆರೆಯಿತು. ಫ್ಯಾನ್ ಬಂತು. ಬೂದಿ ಹಾರಬಾರದೆಂದು ಇದ್ದಿಲು ಬಿಟ್ಟು ಕರೆಂಟಿನ ಪೆಟ್ಟಿಗೆಯೂ ಬಂತು. ಅತ್ತೆ ಪಕ್ಕದಲ್ಲೇ ಕೂತು ಮಗನ ಬೆವರು ಒರೆಸಿದರು. ನಾನು ಸುಮ್ಮನಿರುತ್ತೇನೆಯೇ? "ಏನತ್ತೆ, ನಿಮ್ಮ ಮಗನದೂ ಕೆಲಸಗಳ್ಳತನಾನಾ?" ಎಂದು ಕೇಳಿಯೇಬಿಟ್ಟೆ. ಅಕ್ಕ ನನ್ನ ತೋಳು ಚಿವುಟಿದಳು.

ಮುಂದಿನ ಇಂಜೆಕ್ಷನ್ ದಿನ ಭಾವ ಹಟ ಹಿಡಿದು ಕೂತರು. "ನಂಗೆ ಬೇಡ. ಈ ಸೆಕೆ ತಡ್ಕೊಂಡು ಯಾರು ಬದುಕ್ತಾರೆ? ಸತ್ರೆ ಸಾಯ್ತೀನಿ."

ಇಸ್ತ್ರಿ ಮಾಡುತ್ತಿದ್ದ ಅಕ್ಕನ ಕೈ ನಿಂತಿತು. "ನಾನು ಬದುಕಿಲ್ವಾ?" ಎಂದಳು. "ಇದೇ ಕೋಣೇಲಿ, ಕಿಟಕಿ ಮುಚ್ಕೊಂಡು, ನಿಮ್ಮ ಪಕ್ಕದಲ್ಲೇ ನಿಂತು ಬದುಕಿದೀನಿ. ನೀವು ಸಾಯೋದು ಬೇಡ. ಏಳಿ."

ಭಾವ ಎದ್ದು ಚಪ್ಪಲಿ ಮೆಟ್ಟಿದರು. ಆಸ್ಪತ್ರೆಗೆ ಅವರಿಬ್ಬರ ಜೊತೆ ನಾನೂ ಹೋದೆ.

ಸೆಕೆಯ ಮಾತು ಕೇಳಿದ್ದೇ ತಡ, ಡಾಕ್ಟರು ಮಾತ್ರೆ ಬರೆದರು. "ಮೊದಲೇ ಹೇಳಬಾರ್ದಾ? ಸುಮ್ನೆ ಯಾಕೆ ಕಷ್ಟಪಟ್ರಿ?"

"ಹೆಂಗಸರಿಗೂ ಇದನ್ನ ಕೊಡ್ತೀರಾ?" ಅಕ್ಕ ಕೇಳಿದಳು.

"ಕೊಡ್ತೀವಮ್ಮ. ಹಳೇ ಮಾತ್ರೆ ಇದು."

ಇದೇ ಆಸ್ಪತ್ರೆಯಲ್ಲಿ ಅಕ್ಕನಿಗೆ "ವಯಸ್ಸಾಯ್ತಲ್ಲ, ಸಹಿಸ್ಕೊಳ್ಳಿ" ಎಂದು ಹೇಳಿ ಕಳಿಸಿದ್ದರು. ಅವತ್ತು ಅವಳ ಜೊತೆಗೆ ಬಂದಿದ್ದವಳು ನಾನೇ. "ಮತ್ತೆ ಇಲ್ಲೇ ನಮ್ಮಕ್ಕಂಗೆ ಸಹಿಸ್ಕೊಳ್ಳಿ ಅಂದಿದ್ರಲ್ಲ?" ಎಂದು ಜಗಳಕ್ಕೆ ಬಾಯಿ ತೆರೆದೆ. "ಮೊದ್ಲು ಇಂಜೆಕ್ಷನ್ ಆಗ್ಲಿ" ಎಂದು ಅಕ್ಕ ನನ್ನ ಕೈ ಹಿಡಿದಳು.

"ಇದಕ್ಕೆ ನೀನು ಇಲ್ಲಿಗೆ ಬಂದಿದ್ಯಾ?" ಎಂದು ಭಾವ ಅಕ್ಕನನ್ನು ಕೇಳಿದರು.

"ಆಗಲೇ ಹೇಳಿದ್ದೆನಲ್ಲ ರೀ."

ಇಂಜೆಕ್ಷನ್ ಆಯಿತು. ಅಂಗಡಿಗೆ ಬಂದವರೇ ಭಾವ ಫ್ಯಾನನ್ನು ಎತ್ತಿ ಅಕ್ಕನ ಮೇಜಿನ ಕಡೆಗೆ ತಿರುಗಿಸಿಟ್ಟರು. ಅಕ್ಕ ಅದನ್ನು ಮತ್ತೆ ಅವರ ಕಡೆಗೇ ತಿರುಗಿಸಿ, "ನಂಗೀಗ ಚಳಿಯಾಗುತ್ತೆ" ಎಂದಳು.