ನಷ್ಟದ ಕಾಲಂನಲ್ಲಿ ಬರೆದ ನೀರು

ಜಲಸಂಪನ್ಮೂಲ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮುಗಿಸಿ ಒಂದು ಸಲಹಾ ಸಂಸ್ಥೆಗೆ ಸೇರಿದ ಎರಡನೇ ವರ್ಷ ನನ್ನನ್ನು ಲಡಾಖ್‌ಗೆ ಕಳಿಸಿದರು. ಹುದ್ದೆ ಫೀಲ್ಡ್ ಹೈಡ್ರಾಲಜಿಸ್ಟ್. ನೀರು ಎಲ್ಲಿಂದ ಎಷ್ಟು ಹೊರಡುತ್ತದೆ, ಎಲ್ಲಿಗೆ ಎಷ್ಟು ತಲುಪುತ್ತದೆ ಎಂದು ಅಳೆದು ಬರೆಯುವ ಕೆಲಸ. ನಾನು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯವಳು. ನಮ್ಮ ದೊಡ್ಡಪ್ಪ ಅಲ್ಲಿ ನೀರುಗಂಟಿ, ನಾಲೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವರು. ಕಾಲುವೆ ನೀರಿನ ಬಗ್ಗೆ ನನಗೆ ಹೊಸದಾಗಿ ತಿಳಿಯಬೇಕಾದ್ದು ಹೆಚ್ಚೇನಿಲ್ಲ ಎಂದುಕೊಂಡೇ ಹೋಗಿದ್ದೆ.

ನನ್ನ ಪಾಲಿಗೆ ಬಂದ ಊರಿನ ನೆತ್ತಿಯ ಮೇಲೆ ಒಂದು ಸಣ್ಣ ಹಿಮನದಿ ಇತ್ತು. ಅಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯಲ್ಲಿ ಕರಗಿದ ನೀರನ್ನು ಬೆಟ್ಟದ ಓರೆಯಲ್ಲಿ ಅಗೆದ ಮಣ್ಣಿನ ಕಾಲುವೆಯಲ್ಲಿ ತಂದು ಬಾರ್ಲಿ ಬೆಳೆಯುತ್ತಾರೆ. ಹಿಮನದಿ ಹಿಂದೆ ಸರಿಯುತ್ತಿದ್ದುದರಿಂದ ಬಿತ್ತನೆಯ ಹೊತ್ತಿಗೆ ನೀರು ಸಾಲುತ್ತಿರಲಿಲ್ಲ. ಇರುವ ನೀರನ್ನು ಉಳಿಸುವ ದಾರಿ ಹುಡುಕುವುದು ನಮ್ಮ ಯೋಜನೆ.

ಮೂರು ವಾರ ಅಳೆದೆ. ಕಾಲುವೆಯ ತಲೆಯಲ್ಲಿ ಹತ್ತು ಪಾಲು ನೀರು ಹೊರಟರೆ ಕೊನೆಗೆ ತಲುಪುತ್ತಿದ್ದುದು ಆರು. ಸಂಸ್ಥೆ ಕೊಟ್ಟ ನಮೂನೆಯಲ್ಲಿ ‘ಸೋರಿಕೆ ನಷ್ಟ’ ಎಂಬ ಕಾಲಂ ಇತ್ತು. ಉಳಿದ ನಾಲ್ಕು ಪಾಲನ್ನು ಅಲ್ಲಿ ಬರೆದೆ. ಪರಿಹಾರ ಸರಳವಾಗಿತ್ತು: ಲೈನಿಂಗ್, ಅಂದರೆ ಕಾಲುವೆಯ ತಳಕ್ಕೂ ಬದಿಗೂ ಸಿಮೆಂಟ್ ಹೊದಿಸುವುದು.

ಅಲ್ಲಿಯೂ ನೀರುಗಂಟಿಯಂಥವರೊಬ್ಬರು ಇದ್ದರು, ತ್ಸೆರಿಂಗ್ ಎಂಬ ಮುದುಕರು. ನನ್ನ ಹಿಂದೆ ಸಲಿಕೆ ಹಿಡಿದು ಬರುತ್ತಿದ್ದ ಅವರು ಒಂದು ದಿನ ಹಿಂದಿಯಲ್ಲಿ, “ಕೆಳಗಿನ ಕೇರಿಯವರೂ ಇದೇ ನೀರು ಕುಡಿಯುವುದು ಮಗಳೇ, ನಿಧಾನವಾಗಿ ಹೋಗುತ್ತದೆ ಅಷ್ಟೆ” ಎಂದರು. ಕೆಳಗಿನ ಕೇರಿಯಲ್ಲಿ ಏಳು ಮನೆ, ಅದರಲ್ಲಿ ಒಂದು ಅವರ ತಂಗಿ ಡೋಲ್ಮಾಳದು. ಅವರಿಗೆಲ್ಲ ಇದ್ದುದು ಒಂದೇ ಒರತೆ. ತ್ಸೆರಿಂಗ್ ಹೇಳಿದ ಮಾತನ್ನು ದಿನಾಂಕ ಸಮೇತ ನನ್ನ ಡೈರಿಯಲ್ಲಿ ಬರೆದುಕೊಂಡೆ. ವರದಿಯಲ್ಲಿ ಬರೆಯಲಿಲ್ಲ. ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಒರತೆಯನ್ನು ಹೋಗಿ ನೋಡಲೂ ಇಲ್ಲ, ಅದು ನನ್ನ ನಕ್ಷೆಯ ಗೆರೆಯಿಂದ ಹೊರಗಿತ್ತು.

ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪ ಸಿಕ್ಕರು.

“ಏನವ್ವಾ, ಸೋರೋ ನೀರ್ನೆಲ್ಲಾ ಕಳ್ಳನ್ ಹಿಡ್ದಂಗ್ ಹಿಡೀತಿದ್ದೀಯಂತೆ. ಅದು ಎಲ್ಲಿಗೋಯ್ತದೆ ಅಂತ ನೋಡಿದ್ಯಾ?”

“ನೆಲಕ್ಕೆ ಇಂಗುತ್ತೆ ದೊಡ್ಡಪ್ಪ. ವೇಸ್ಟು.”

“ನಮ್ ಬಾವಿ ನೀರೂ ನಾಲೇಲಿ ಸೋರಿದ್ದೇ ಕಣವ್ವ. ಅಂಗಾರೆ ನೀನು ಕುಡ್ದು ಬೆಳ್ದಿದ್ದೆಲ್ಲಾ ವೇಸ್ಟೇ ಬುಡು.”

ನಕ್ಕೆ. ವರದಿ ಅದಾಗಲೇ ಮೇಲಿನವರಿಗೆ ಹೋಗಿತ್ತು. ವಾಪಸ್ ಕೇಳಬಹುದಿತ್ತು, ಕೇಳಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಲೈನಿಂಗ್ ಮುಗಿಯಿತು. ಅದರ ಮುಂದಿನ ವರ್ಷ ಫಲಿತಾಂಶ ಅಳೆಯಲು ಮತ್ತೆ ನನ್ನನ್ನೇ ಕಳಿಸಿದರು. ಕೊನೆಯ ಹೊಲಕ್ಕೂ ಒಂಬತ್ತು ಪಾಲು ನೀರು ಬರುತ್ತಿತ್ತು. ಮೇಲಿನ ಊರಿನವರು ಕೈಮುಗಿದರು. ತ್ಸೆರಿಂಗ್ ಮಾತ್ರ ಕೆಳಗಿನ ಕೇರಿಯ ದಾರಿ ಹಿಡಿದರು. ಹಿಂಬಾಲಿಸಿದೆ.

ಒರತೆಯ ಕಲ್ಲುತೊಟ್ಟಿ ಒಣಗಿತ್ತು. ತಳದಲ್ಲಿ ಪಾಚಿ ಕಪ್ಪಗೆ ಸಿಪ್ಪೆಯಾಗಿ ಎದ್ದಿತ್ತು. ಏಳು ಮನೆಗಳಲ್ಲಿ ಮೂರಕ್ಕೆ ಬೀಗ. ಡೋಲ್ಮಾ ಒಳಗೆ ಕರೆದು ಚಹಾ ಕೊಟ್ಟಳು. ಆ ನೀರನ್ನು ಅವಳು ಬೆಳಿಗ್ಗೆ ಮೇಲಿನ ಊರಿನಿಂದ ಬೆನ್ನ ಮೇಲೆ ಹೊತ್ತು ತಂದಿದ್ದಳು.

“ನೀವು ಅಳೆಯುವಾಗ ನಾನು ಇಲ್ಲೇ ಇದ್ದೆ” ಎಂದಳು. ಬೈಗುಳವಾಗಿದ್ದರೆ ಸಹಿಸಬಹುದಿತ್ತು.

ಒರತೆಯ ನೇರ ಮೇಲಿನ ಭಾಗದಲ್ಲಿ ಸಿಮೆಂಟ್ ಒಡೆದು ಮತ್ತೆ ಮಣ್ಣಿನ ತಳ ಬಿಡಬೇಕೆಂದು ಎರಡನೇ ವರದಿ ಬರೆದೆ. “ಮುಗಿದ ಕಾಮಗಾರಿಯನ್ನು ನಾವೇ ಒಡೆಯಿರಿ ಅಂತ ಬರೆಯೋಕಾಗುತ್ತೇನಮ್ಮ?” ಎಂದರು ಮೇಲಧಿಕಾರಿ. ಒಂಬತ್ತು ಪಾಲಿನ ಅಂಕಿ ಯಶಸ್ಸಿನ ಪಟ್ಟಿಗೆ ಸೇರಿತು, ಕೆಳಗೆ ನನ್ನ ಹೆಸರಿನೊಂದಿಗೆ. ಹೆಸರು ತೆಗೆಯಿರಿ ಎಂದು ಕೇಳಿದೆ. ವಿನಯ ಎಂದುಕೊಂಡರು. ಆ ಚಳಿಗಾಲದೊಳಗೆ ಡೋಲ್ಮಾಳ ಮನೆಗೂ ಬೀಗ ಬಿತ್ತೆಂದು ತ್ಸೆರಿಂಗ್ ಫೋನಿನಲ್ಲಿ ತಿಳಿಸಿದರು.

ಕೆಲಸ ಬಿಟ್ಟು ಊರಿಗೆ ಬಂದೆ. ಈಗ ಮದ್ದೂರಿನ ಕಡೆ ನಾಲೆಗಳ ಸಮೀಕ್ಷೆ ಮಾಡುತ್ತೇನೆ. ಇಲ್ಲಿಯೂ ಲೈನಿಂಗ್ ನಡೆದಿದೆ. ಎಲ್ಲವನ್ನೂ ಕೇಳಿಸಿಕೊಂಡ ದೊಡ್ಡಪ್ಪ ಅಂದದ್ದು ಇಷ್ಟೇ: “ಗೊತ್ತಿದ್ದೂ ಮಾಡ್ದ್ಯಲ್ಲವ್ವ.”

ಗೊತ್ತಿರುವುದು ಬೇರೆ, ಅದನ್ನು ವರದಿಯಲ್ಲಿ ಬರೆಯುವುದು ಬೇರೆ ಎಂಬುದು ಆ ಕೆಲಸ ನನಗೆ ಕಲಿಸಿದ ಪಾಠ. ಈಗ ಯಾವ ನಾಲೆಗೆ ಹೋದರೂ ಮೊದಲು ಅದರ ಕೆಳಗಿನ ಬಾವಿಗಳಿಗೆ ಹೋಗುತ್ತೇನೆ. ನಮೂನೆಯಲ್ಲಿ ಇನ್ನೂ ಅದಕ್ಕೆ ಕಾಲಂ ಇಲ್ಲ. ಹಾಳೆಯ ಹಿಂಬದಿಯಲ್ಲಿ, ಬಾವಿ ಯಾರದು, ನೀರು ಎಷ್ಟು ಅಡಿಯಲ್ಲಿದೆ ಎಂದು ಬರೆದು ಕೊಡುತ್ತೇನೆ. ಹಾಳೆ ತಿರುವಿ ನೋಡಿದವರು ಇದುವರೆಗೆ ಯಾರೂ ಇಲ್ಲ.