ಬಿದ್ದುಹೋದ ಅಪ್ಪನ ಹೆಸರು ಹುಡುಕಿಕೊಡುವ ತಾಜಬಿ

ಸೋಮವಾರ ಬೆಳಗಿನ ಐದೂಮುಕ್ಕಾಲು. ತಾರಿಹಾಳದ ಕಾರ್ಖಾನೆಗಳ ಮೊದಲ ಪಾಳಿಗೆ ಇನ್ನೂ ಹೊತ್ತಿದೆ. ರಸ್ತೆ ಬದಿಯ ಜೆರಾಕ್ಸ್ ಅಂಗಡಿಯ ಶಟರ್ ಅರ್ಧ ಏರಿದೆ. ಮಷೀನು ಬಿಸಿಯಾಗುವಷ್ಟರಲ್ಲಿ ತಾಜಬಿ ಕೆಟ್ಟ ಪ್ರತಿಯೊಂದನ್ನು ಮಗುಚಿ ಹಾಕಿ, ಅದರ ಬೆನ್ನ ಮೇಲೆ ಬರೆಯಲು ಪೆನ್ನು ಹಿಡಿದು ಕೂತಿದ್ದಾರೆ. ಎದುರಿಗೆ ಉಣಕಲ್ಲಿನ ದುರ್ಗಪ್ಪ, ಇಪ್ಪತ್ನಾಲ್ಕರ ಫಿಟ್ಟರ್. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿವೆ.

ಇಲ್ಲಿಯದೇ ಕಾರ್ಖಾನೆಯೊಂದು ಅವನಿಗೆ ಕಾಯಂ ನೌಕರಿ ಕೊಟ್ಟಿತ್ತು. ಹಿನ್ನೆಲೆ ತಪಾಸಣೆ ಮಾಡುವ ಏಜೆನ್ಸಿ 'ಹೊಡೆದಾಟದ ಕೇಸಿದೆ' ಎಂದು ರಿಪೋರ್ಟು ಕಳಿಸಿದ್ದೇ ತಡ, ತಡೆಹಿಡಿದರು. ಶನಿವಾರದೊಳಗೆ ಸರಿಯಾಗದಿದ್ದರೆ ಆ ಜಾಗ ಬೇರೆಯವರಿಗೆ. ಠಾಣೆಯ ಮೆಟ್ಟಿಲೇ ಹತ್ತದ ಹುಡುಗ ಇವನು! ಎಸಿ ಕೋಣೆಯಲ್ಲಿ ಕೂತ ಯಾವನೋ ಒಂದು ಬಟನ್ ಒತ್ತಿ ಗೂಂಡಾ ಮಾಡಿಬಿಟ್ಟ. ಇವನನ್ನು ಒಂದು ಮಾತು ಕೇಳಬೇಕು ಅಂತ ಅನ್ನಿಸಲೇ ಇಲ್ಲ ಅವನಿಗೆ.

ತಾಜಬಿಗೆ ಅಚ್ಚರಿಯಿಲ್ಲ. "ನಿಮ್ಮ ಮನ್ಯಾಗ ಅಜ್ಜನ ಹೆಸರು ಎಷ್ಟು ಮಂದಿಗೆ ಇಟ್ಟಾರ ತಮ್ಮಾ?"

"ಇಬ್ಬರಿಗಿರಿ. ನಾ ಸಣ್ಣ ದುರ್ಗ್ಯಾ, ದೊಡ್ಡಪ್ಪನ ಮಗ ದೊಡ್ಡ ದುರ್ಗ್ಯಾ."

ಸಿಕ್ಕಿತು! ನಮ್ಮ ಕಡೆ ಅಜ್ಜ ಹೋದ ಮೇಲೆ ಹುಟ್ಟಿದ ಮೊಮ್ಮಕ್ಕಳಿಗೆ ಅವನದೇ ಹೆಸರು. ಅಡ್ಡಹೆಸರು ಒಂದೇ, ಮನೆ ನಂಬರು ಒಂದೇ. ಬೇರೆ ಮಾಡುವುದು ನಡುವೆ ಬರುವ ಅಪ್ಪನ ಹೆಸರು ಮಾತ್ರ. ಏಜೆನ್ಸಿಯ ಫಾರ್ಮಿನಲ್ಲಿರುವುದು ಎರಡೇ ಖಾನೆ: ಹೆಸರು, ಅಡ್ಡಹೆಸರು. ಅಪ್ಪ ಬಿದ್ದುಹೋಗುತ್ತಾನೆ, ದೊಡ್ಡ ದುರ್ಗ್ಯಾನ ಕೇಸು ಸಣ್ಣ ದುರ್ಗ್ಯಾನ ತಲೆಗೆ ಬರುತ್ತದೆ.

ನಲವತ್ತಾರರ ತಾಜಬಿ ಇದನ್ನು ಸ್ವಂತ ಪೆಟ್ಟಿನಿಂದ ಕಲಿತವರು. ಒಂಬತ್ತು ವರ್ಷದ ಹಿಂದೆ ಗಂಡ ಗುಲಾಬಸಾಬ ತೀರಿಕೊಂಡಾಗ, ಮಷೀನಿಗೆ ಸಾಲ ಕೇಳಲು ಹೋದರು. ಇವರಂತೆಯೇ ಅಜ್ಜಿಯ ಹೆಸರು ಹೊತ್ತ ಕಾಕಾನ ಮಗಳ ಸಾಲದ ಬಾಕಿ ಇವರ ಸಾಲದ ರಿಪೋರ್ಟಿನಲ್ಲಿ ಕೂತಿತ್ತು. ಎಂಟು ತಿಂಗಳು ಅಲೆದರು. "ಕಂಪ್ಯೂಟರ್ ಹಂಗ ಹೇಳ್ತೈತಿ ಅಂದ್ರು. ಕಂಪ್ಯೂಟರಿಗೆ ಹೇಳಿದವರನ್ನ ತೋರಸ್ರಿ ಅಂದೆ ನಾ," ಎಂದು ನಗುತ್ತಾರೆ.

ಈಗ ವಾರಕ್ಕೆ ನಾಲ್ಕೈದು ಮಂದಿ ಬರುತ್ತಾರೆ. ಟೈಪಿಂಗಿಗೆ ಮೂವತ್ತು ರೂಪಾಯಿ, ಸಲಹೆ ಪುಕ್ಕಟೆ. ಈ ವರ್ಷ ಅರವತ್ಮೂರು ತಕರಾರು ಬರೆದಿದ್ದಾರೆ, ಐವತ್ತೊಂದು ಸರಿಯಾಗಿವೆ. ಬಾಯಿಮಾತು ನಂಬಬೇಡಿ, ರಿಪೋರ್ಟಿನ ಪ್ರತಿ ಕೇಳಿ ಅನ್ನುತ್ತಾರೆ. ಸಾಲದ ರಿಪೋರ್ಟು ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ತಕರಾರು ಕೊಟ್ಟ ಮೂವತ್ತು ದಿನದಲ್ಲಿ ಇತ್ಯರ್ಥ ಮಾಡದಿದ್ದರೆ ದಿನಕ್ಕೆ ನೂರು ರೂಪಾಯಿ ಪರಿಹಾರ. ಇದನ್ನು ಯಾರು ಗೋಡೆ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದ್ದಾರೆ, ಹೇಳಿ?

ಮಂಗಳವಾರ ದುರ್ಗಪ್ಪನ ದೊಡ್ಡಪ್ಪ ಗುರುಶಿದ್ದಪ್ಪ ತಮ್ಮ ಮಗ ದೊಡ್ಡ ದುರ್ಗಪ್ಪನನ್ನು ಎಳೆದುಕೊಂಡು ಅಂಗಡಿಗೆ ಬರುತ್ತಾರೆ. "ನಮ್ಮ ಹುಡುಗನ ಹೆಸರು ಕಂಪನಿಗೆ ಬರದು ಕಳಸ್ತಿ ಏನವಾ?"

ತಾಜಬಿ ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿ ತಕರಾರು ಪತ್ರ ಓದುತ್ತಾರೆ. ನನ್ನ ತಂದೆಯ ಹೆಸರು ಇದು, ಹುಟ್ಟಿದ ದಿನ ಇದು, ಈ ಕೇಸು ನನ್ನದಲ್ಲ, ಪರಿಶೀಲಿಸಿ. ಅಷ್ಟೇ. ದೊಡ್ಡ ದುರ್ಗಪ್ಪನ ಸುದ್ದಿಯೇ ಇಲ್ಲ. ಅದನ್ನು ಕೇಳಿಸಿಕೊಂಡ ದೊಡ್ಡ ದುರ್ಗಪ್ಪ ಜೇಬಿನಿಂದ ತನ್ನ ಕೇಸಿನ ಕೋರ್ಟು ಕಾಗದ ತೆಗೆಯುತ್ತಾನೆ.

"ಇದನ್ನೂ ಹಚ್ಚಿ ಕಳಸ್ರಿ ಅಕ್ಕಾರ. ತಮ್ಮನ ನೌಕರಿ ಹೋಗಬಾರದು."

"ಒಳಗ ಇಟಗೋ. ತಪ್ಪು ಮಾಡಿದವರು ಏಜೆನ್ಸಿಯವರು, ಹುಡುಕೋದೂ ಅವರ ಕೆಲಸ. ನಮ್ಮವರನ್ನ ನಾವ್ಯಾಕ ಹಿಡದು ಕೊಡಬೇಕು?"

ದೊಡ್ಡಪ್ಪ ಕಾಗದವನ್ನು ಮಗನ ಜೇಬಿಗೆ ತುರುಕುತ್ತಾರೆ. ಅವತ್ತೇ ಏಜೆನ್ಸಿಗೆ ಪತ್ರ ಹೋಗುತ್ತದೆ, ಅದರ ನಕಲು ಕಾರ್ಖಾನೆಗೆ. ಬುಧವಾರ, ಗುರುವಾರ ನೆನಪೋಲೆ. ಶುಕ್ರವಾರ ನಾಲ್ಕು ಗಂಟೆಗೆ ಉತ್ತರ: ಆ ದಾಖಲೆ ಬೇರೆ ವ್ಯಕ್ತಿಯದು, ತೆಗೆದುಹಾಕಲಾಗಿದೆ. ಕ್ಷಮೆ ಕೇಳುವ ಒಂದಕ್ಷರವಿಲ್ಲ, ನಾಚಿಕೆಗೇಡಿಗಳು! ಆದರೂ ಶನಿವಾರ ಮೊದಲ ಪಾಳಿಗೆ ದುರ್ಗಪ್ಪ ಹೊಸ ಬೂಟು ಹಾಕಿಕೊಂಡು ಗೇಟಿನೊಳಗೆ ಹೋಗುತ್ತಾನೆ.

ನೋಡಲು ತಾಜಬಿ ಹೊರಗೂ ಬರುವುದಿಲ್ಲ. ನವನಗರದಿಂದ ಬಂದ ಹೆಣ್ಣುಮಗಳೊಬ್ಬಳು ಆಗಲೇ ಎದುರು ಕೂತಿದ್ದಾಳೆ. ನಿಮಗೇನು ಬೇಕು ಎಂದು ತಾಜಬಿಯನ್ನೇ ಕೇಳಿದರೆ, ಟೈಪಿಂಗು ನಿಲ್ಲಿಸದೆ ಹೇಳುತ್ತಾರೆ: "ಆ ಫಾರ್ಮಿನ್ಯಾಗ ನಡುವ ಇನ್ನೊಂದು ಖಾನೆ ಹಾಕಿದ್ರ ಸಾಕ್ರಿ. ಆಮ್ಯಾಲ ಇದಕ್ಕಂತ ಯಾರೂ ನನ್ನ ಕಡೆ ಬರೂದಿಲ್ಲ. ಬರಬಾರದು. ನಾ ಸಾಲಿ ಹುಡುಗರ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಮಾಡ್ಕೋತ ಆರಾಮ ಇರ್ತೇನಿ."